ಹಳೇಕೋಟೆಯ ಬಂಡಿದಾರಿಯೂ ನನ್ನ ಸೈಕಲ್ ಸವಾರಿಯೂ

ಈ ಐವತ್ತೆರಡನೇ ವಯಸ್ಸಿನಲ್ಲಿ ಮೂರು ದಿನ ಒಬ್ಬನೇ ಬಟಾಬಯಲು ಕಾವಲುಗಳನ್ನು ಸೈಕಲ್ಲಿನಲ್ಲಿ ಸುತ್ತಿಬರುತ್ತೇನೆ ಎಂದು ನಾನು ಘೋಷಿಸಿದಾಗ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ. ಎದುರಿಗೆ ನಗಲಿಲ್ಲ, ಅಷ್ಟೆ. ನನ್ನದೇನು ಹಾಲು ತರುವ ಸೈಕಲ್ಲೇ? ಗ್ರಾವೆಲ್ ಬೈಕು ಸ್ವಾಮಿ! ಜಲ್ಲಿ, ಕಲ್ಲು, ಗುಂಡಿ ಯಾವುದಕ್ಕೂ ಜಗ್ಗದ ದಪ್ಪ ಟೈರಿನದು. ಹಾಸನ ಬಿಟ್ಟರೆ ಚನ್ನರಾಯಪಟ್ಟಣದ ಕಡೆಯ ಹುಲ್ಲುಗಾವಲು, ಅಲ್ಲಿಂದ ಹೊಳೆನರಸೀಪುರ, ಅರಕಲಗೂಡು, ಮತ್ತೆ ಹಾಸನ. ಮರವಿಲ್ಲ, ಮನೆಯಿಲ್ಲ, ಟೀ ಅಂಗಡಿಯಿಲ್ಲ. ಗಾಳಿ, ದನ ಮತ್ತು ನಾನು!

ಡಾಂಬರು ತುಳಿಯಕೂಡದೆಂಬುದು ನನ್ನ ಶಪಥ. ಭೂಗೋಳ ಪಾಠ ಮಾಡುವವನಿಗೆ ದಾರಿ ತೋರಿಸಲು ಮೊಬೈಲ್ ಬೇಕೆ? ಹಳೆಯ ಗ್ರಾಮನಕ್ಷೆಗಳನ್ನೇ ತಂದು ಊಟದ ಮೇಜಿನ ಮೇಲೆ ಹರಡಿದೆ. ಅದರಲ್ಲಿ ಜೋಡಿ ಚುಕ್ಕೆಗೆರೆ ಕಂಡರೆ ಬಂಡಿದಾರಿ ಎಂದರ್ಥ. ಅವನ್ನೆಲ್ಲ ಕೆಂಪು ಸ್ಕೆಚ್ ಪೆನ್ನಿನಲ್ಲಿ ಒಂದಕ್ಕೊಂದು ಜೋಡಿಸುತ್ತಾ ಹೋದೆ. ಆ ಒಂದು ವಾರ ನಾವು ನೆಲದ ಮೇಲೆ ಕೂತು ಉಂಡೆವು.

ಉಳಿದದ್ದು ಹೆಂಡತಿ ಆಶಾರಾಣಿಯ ಅಪ್ಪಣೆ.

"ಅಪ್ಪ ಹೂಂ ಅಂದ್ರೆ ಹೋಗಿ," ಎಂದಳು. "ಇಲ್ಲಾಂದ್ರೆ ಆ ಸೈಕಲ್ ಮೇಲೆ ಬಟ್ಟೆ ಒಣಗಾಕ್ತೀನಿ."

ಅಪ್ಪ ಎಂದರೆ ಹಳೇಕೋಟೆಯ ನನ್ನ ಮಾವ, ಬೋರಪ್ಪನವರು. ಇಷ್ಟೇ ತಾನೆ! ನಕ್ಷೆಯ ಫೋಟೊ ತೆಗೆದು ಅವಳ ತವರಿನವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಾವನವರಿಗೆ ಹೆಮ್ಮೆಯಾಗಲೆಂದು ಅವರ ಊರಿಗೆ ಒಂದು ಸಾಲನ್ನೇ ಮೀಸಲಿಟ್ಟೆ: 'ಹಳೇಕೋಟೆಯ ಇಪ್ಪತ್ತಡಿ ಬಂಡಿದಾರಿ ಬೋರಪ್ಪನವರ ತೆಂಗಿನ ತೋಟದ ನಟ್ಟನಡುವೆ ಸಾಗುತ್ತದೆ.'

ಮಾವನವರಿಂದ ಉತ್ತರ ಬರಲಿಲ್ಲ. ಅವರ ದಾಯಾದಿ ಚನ್ನಪ್ಪನವರಿಂದ ಹದಿನಾಲ್ಕು ಕೈಮುಗಿದ ಚಿತ್ರಗಳು ಬಂದವು. ನನ್ನ ಸಾಹಸಕ್ಕೆ ಇಂಥ ಅಭಿಮಾನಿಯೇ ಎಂದು ಉಬ್ಬಿಹೋದೆ.

ಆಮೇಲೆ ತಿಳಿಯಿತು. ಮಾವನ ತೋಟದ ಹಿಂದೆ ಚನ್ನಪ್ಪನವರ ಹೊಲವಿದೆ, ಹೋಗಲು ದಾರಿಯಿಲ್ಲ. ಹನ್ನೆರಡು ವರ್ಷದಿಂದ ಅವರು ದಾರಿ ಇತ್ತು ಎನ್ನುವುದು, ಇವರು ಎಲ್ಲಿತ್ತು ತೋರಿಸು ಎನ್ನುವುದು. ತೋರಿಸಿದವನು ನಾನು! ಅದೂ ಕೆಂಪು ಬಣ್ಣದಲ್ಲಿ! ಚನ್ನಪ್ಪನವರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊರಿನ ಹಿರಿಯರ ಮುಂದಿಟ್ಟಿದ್ದರು. ಭಾನುವಾರ ಪಂಚಾಯ್ತಿ ಸೇರುವುದೆಂದಾಯಿತು. ಸಾಕ್ಷಿ ಹೇಳಬೇಕಾದವನು ಅಳಿಯ.

ಕಾರಿನಲ್ಲಿ ಹಳೇಕೋಟೆ ಮುಟ್ಟುವವರೆಗೂ ಆಶಾರಾಣಿ ನನಗೆ ಒಂದೇ ವಾಕ್ಯ ಬಾಯಿಪಾಠ ಮಾಡಿಸಿದಳು: ನಕ್ಷೆ ಹಳೇದು, ನಂಬೋಕಾಗಲ್ಲ. ನಾನೂ ಮನಸಾರೆ ಒಪ್ಪಿದ್ದೆ.

ಆದರೆ ಅಲ್ಲಿ ಹಿರಿಯರೊಬ್ಬರು, "ಮೇಷ್ಟ್ರಿಗೆ ನಕ್ಷೆ ಓದಕ್ಕೆ ಬರಾಕಿಲ್ವೇನೋ, ಬುಡ್ರಪ್ಪ," ಎಂದುಬಿಟ್ಟರು.

ಬರಾಕಿಲ್ವೆ? ಇಪ್ಪತ್ತೆಂಟು ವರ್ಷದಿಂದ ನಕ್ಷೆ ಓದಿಸುತ್ತಿರುವವನಿಗೆ! ಯಾರ ಕೈಯಲ್ಲೋ ಇದ್ದ ಟೇಪು ಕಿತ್ತುಕೊಂಡೆ. ಗಡಿಕಲ್ಲಿನಿಂದ ಹಿಡಿದು ಅಳೆದೆ. ಹದಿನೇಳು ತೆಂಗಿನಮರ, ಒಂದು ಪಂಪ್‌ಹೌಸು, ಕೊಟ್ಟಿಗೆಯ ಕಾಲುಭಾಗ ದಾರಿಯ ಮೇಲಿವೆ ಎಂದು ಅಡಿ ಅಂಗುಲದ ಸಮೇತ ಸಾರಿದೆ. ಚನ್ನಪ್ಪನವರು ಚಪ್ಪಾಳೆ ತಟ್ಟಿದರು. ಅರ್ಧ ಊರೇ ತಟ್ಟಿತು. ನಾನು ಬಾಗಿ ವಂದಿಸಿದೆ ಕೂಡ! ತಲೆ ಎತ್ತಿದರೆ ಎದುರಿಗೆ ಮಾವ ನಿಂತಿದ್ದರು.

ಅವರು ಬೈಯಲಿಲ್ಲ. "ಅಂಗಾರೆ ನಕ್ಷೆಲಿರೋದೇ ಸತ್ಯ ಅಂತೀರಾ, ಅಳಿಯಂದ್ರೇ?" ಎಂದು ಮೆಲ್ಲಗೆ ಕೇಳಿದರು.

"ನಕ್ಷೆ ಸುಳ್ಳು ಹೇಳಲ್ಲ ಮಾವ," ಎಂದೆ, ಎದೆಯುಬ್ಬಿಸಿ.

"ಸರಿ ಬುಡಿ," ಎಂದವರು ಅವತ್ತೇ ತೋಟದ ಬೇಲಿ ಕೀಳಿಸಿದರು.

ವಾಪಸ್ಸು ಬರುವಾಗ ಆಶಾರಾಣಿ ಹಿಂದಿನ ಸೀಟಿನಲ್ಲಿ ಕೂತಳು. ನನ್ನ ಸವಾರಿಗೆ ಎಳ್ಳುನೀರು ಬಿಟ್ಟೆ. ಮೂರು ದಿನ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಬುಧವಾರ ಸಂಜೆ ತವರಿನಿಂದ ಬಂದ ಫೋನು ಮುಗಿಸಿ ನನ್ನ ಮುಂದೆ ಬಂದು ನಿಂತಳು.

"ಸೈಕಲ್ ತಗಂಡು ನಾಳೆ ಬೆಳಗ್ಗೇನೇ ಹೊರಡಿ. ಮೂರು ದಿನ ಅಲ್ಲ, ಒಂದು ವಾರ ಸುತ್ಕಂಡ್ ಬನ್ನಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸತ್ಯಕ್ಕೆ ಕೊನೆಗೂ ಬೆಲೆ ಬಂತು! ಹಾಗಾದರೆ ಮಾವನವರು ಹೂಂ ಅಂದರೇ ಎಂದು ಕೇಳಿದೆ.

"ಅಪ್ಪ ನಾಳೆ ಮೊದಲ್ನೇ ಬಸ್ಸಿಗೆ ಇಲ್ಲಿಗೇ ಬತ್ತಾವ್ರೆ. ನಮ್ಮ ಬಡಾವಣೆ ನಕ್ಷೆ ತಗ್ಸವ್ರಂತೆ, ಟೇಪೂ ತತ್ತಾವ್ರಂತೆ. ನಮ್ಮ ಕಾಂಪೌಂಡು ರಸ್ತೆಗೆ ಎಷ್ಟಡಿ ಬಂದೈತೆ ಅಂತ ನೋಡ್ಬೇಕಂತೆ."

ಅದರಲ್ಲಿ ನೋಡುವುದೇನು ಬಂತು? ನಾಲ್ಕೂವರೆ ಅಡಿ. ಕಟ್ಟಿಸಿದವನು ನಾನೇ.