ಪ್ರಭಾರ ನರಿಯ ನೇಮಕಾತಿ ಮತ್ತು ಜಾನಮ್ಮನ ಕಡಲೆಕಾಯಿ

ಬಿಸಿಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕೋಳಿಗೆ ಹೋಗುವ ಶಕ್ತಿಯು ತಮಿಳುನಾಡಿನ ಧಾರಾಪುರಂ ಸುತ್ತಮುತ್ತ ಬಹುಕಾಲ ಯಾರ ಅನುಮತಿಯೂ ಇಲ್ಲದೆ ಹೋಗುತ್ತಿತ್ತು. ಈ ಅವ್ಯವಸ್ಥೆಯನ್ನು ಸರಿಪಡಿಸುವ ಸಲುವಾಗಿ ಮೂರು ವರ್ಷದ ಹಿಂದೆ ಜೀವಶಕ್ತಿ ಹರಿವು ನಿಯಂತ್ರಣ ಕಛೇರಿಯನ್ನು ತೆರೆಯಲಾಯಿತು. ಸೈಕಲ್ ಅಂಗಡಿಯೊಂದರ ಮಹಡಿಯ ಮೇಲಿರುವ ಆ ಕಛೇರಿಯಲ್ಲಿ ಒಬ್ಬ ಅಧಿಕಾರಿ, ಒಬ್ಬ ಗುಮಾಸ್ತ ಮತ್ತು ಗೋಡೆಯ ಮೇಲೆ ಒಂದು ದೊಡ್ಡ ಪಟ ಇವೆ. ಯಾರು ಯಾರನ್ನು ತಿನ್ನತಕ್ಕದ್ದು ಎಂಬುದನ್ನು ಪಟದಲ್ಲಿ ಬಾಣದ ಗುರುತು ಹಾಕಿ ತೋರಿಸಲಾಗಿದೆ. ಬಾಣ ಮೀರಿ ತಿಂದವರ ಮೇಲೆ ಕ್ರಮ ಜರುಗಿಸುವ ಅಧಿಕಾರವೂ ಕಛೇರಿಗೆ ಉಂಟು. ಈವರೆಗೆ ಒಂದು ಬೆಕ್ಕಿಗೆ ಮಾತ್ರ ನೋಟೀಸು ಹೋಗಿದೆ.

ಜಾನಮ್ಮ ಈ ಕಛೇರಿಯ ಮೆಟ್ಟಿಲು ಹತ್ತಿದ್ದು ಆಡಿ ತಿಂಗಳಲ್ಲಿ, ಕೈಯಲ್ಲೊಂದು ಅರ್ಜಿ ಹಿಡಿದುಕೊಂಡು. ಒಂದೂವರೆ ಎಕರೆ ಮಳೆಯಾಶ್ರಿತ ಹೊಲ ಅವಳದು. ಬಿತ್ತನೆಗೆಂದು ಎರಡು ಮೂಟೆ ಕಡಲೆಕಾಯಿ ತೆಗೆದಿಟ್ಟಿದ್ದಳು. ಮೊದಲ ಮಳೆಗೆ ಒಂದು ಮೂಟೆ ಬಿತ್ತಿದಳು. ಮಾರನೆಯ ಬೆಳಿಗ್ಗೆ ಹನ್ನೊಂದು ನವಿಲು ಬಂದು, ಸಾಲು ಹಿಡಿದು, ಒಂದು ಬೀಜವನ್ನೂ ಬಿಡದೆ ಕೆದಕಿ ತಿಂದುಹೋದವು. ಮುರುಗನ ವಾಹನಕ್ಕೆ ಕಲ್ಲು ಎಸೆಯಲು ಅವಳಿಗೆ ಕೈ ಬರಲಿಲ್ಲ. ಕೈ ಬಂದಿದ್ದರೂ ಕಾನೂನು ಬಿಡುತ್ತಿರಲಿಲ್ಲ. ಉಳಿದದ್ದು ಒಂದೇ ಮೂಟೆ. ಅದೂ ನವಿಲಿನ ಪಾಲಾದರೆ ಈ ವರ್ಷದ ಬೆಳೆಯೂ ಇಲ್ಲ, ಬರುವ ವರ್ಷಕ್ಕೆ ಬೀಜವೂ ಇಲ್ಲ. ಹೊಲಕ್ಕೆ ಹಾಕಲು ಈ ಕಛೇರಿಯಲ್ಲಿ ಬಲೆ ಕೊಡುತ್ತಾರೆಂದು ಸೊಸೆ ಗೋಕಿಲಾ ಯಾವುದೋ ತಮಿಳು ಪೇಪರಿನಲ್ಲಿ ಓದಿ ಹೇಳಿದ್ದಳು.

ಅಧಿಕಾರಿ ನವನೀತನ್ ಅರ್ಜಿಯನ್ನು ಎರಡು ಸಲ ಓದಿ, ಕೋಲಿನಿಂದ ಪಟ ತೋರಿಸುತ್ತಾ ತಮಿಳಿನಲ್ಲಿ ವಿವರಿಸಿದರು. ಬಿಸಿಲನ್ನು ಕಡಲೆಕಾಯಿ ಗಿಡ ತಿನ್ನುತ್ತದೆ, ಕಡಲೆಕಾಯಿಯನ್ನು ನವಿಲು ತಿನ್ನುತ್ತದೆ, ನವಿಲನ್ನೂ ಅದರ ಮೊಟ್ಟೆಯನ್ನೂ ನರಿ ತಿನ್ನುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಹತ್ತನೇ ಒಂದು ಪಾಲು ಮಾತ್ರ ಮೇಲಕ್ಕೆ ಹೋಗುತ್ತದೆ. ಉಳಿದ ಒಂಬತ್ತು ಪಾಲು ಉಷ್ಣವಾಗಿ ನಷ್ಟವಾಗುತ್ತದೆ. ಅದಕ್ಕೆ ಯಾರೂ ಜವಾಬ್ದಾರರಲ್ಲ.

"ನಿಮ್ಮಲ್ಲಿ ನವಿಲು ಹೆಚ್ಚಾಗಲು ಕಾರಣ ನರಿ ಇಲ್ಲದಿರುವುದು. ಇಪ್ಪತ್ತೆರಡು ವರ್ಷದಿಂದ ಆ ಹುದ್ದೆ ಖಾಲಿ ಇದೆ" ಎಂದರು.

"ಅದಕ್ಕೇ ಸಾಮಿ, ಒಂದು ಬಲೆ ಕೊಟ್ಟುಬಿಟ್ಟರೆ..."

"ನರಿಯ ಹುದ್ದೆ ಮಂಜೂರಾಗಿರುವ ಕಡೆ ಬಲೆ ಕೊಡಲು ನಿಯಮವಿಲ್ಲಮ್ಮ. ಹುದ್ದೆ ತುಂಬುವುದೊಂದೇ ದಾರಿ."

ಮೂರನೆಯ ದಿನ ಆದೇಶ ಹೊರಬಿತ್ತು: "ಸದರಿ ಕ್ಷೇತ್ರದಲ್ಲಿ ಖಾಲಿ ಇರುವ ನರಿಯ ಹುದ್ದೆಗೆ, ಅರ್ಹ ನರಿಯು ಲಭ್ಯವಾಗುವವರೆಗೆ ಅಥವಾ ಮುಂದಿನ ಆದೇಶದವರೆಗೆ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ, ಗುಮಾಸ್ತ ಶ್ರೀ ಭೂಪತಿಯವರನ್ನು ಅವರ ಈಗಿನ ಕೆಲಸದ ಜೊತೆಗೆ ಪ್ರಭಾರ ನರಿಯನ್ನಾಗಿ ನೇಮಿಸಲಾಗಿದೆ. ಇವರು ಯಾವುದೇ ಹೆಚ್ಚುವರಿ ಭತ್ಯೆಗೆ ಅರ್ಹರಲ್ಲ. ಆದರೆ ನರಿಗೆ ಸಲ್ಲತಕ್ಕ ಆಹಾರಕ್ಕೆ ಅರ್ಹರಿರುತ್ತಾರೆ."

ಭೂಪತಿ ಒಳ್ಳೆಯವನು. ನೇಕಾರರ ಮನೆಯ ಹುಡುಗ, ಜಾನಮ್ಮನಂತೆಯೇ ಮನೆಮಾತು ಕನ್ನಡ. ಕಛೇರಿಯಲ್ಲಿ ತಮಿಳು ಬಿಟ್ಟು ಬೇರೆ ಮಾತಾಡದ ಅವನು ಹೊಲಕ್ಕೆ ಬಂದೊಡನೆ ಕೊಡೆ ಮಡಚಿ, ತಲೆ ತಗ್ಗಿಸಿ, "ತಪ್ಪು ತಿಳ್ಕೋಬೇಡಿ ಅಕ್ಕಾ. ಏನ್ ಮಾಡಾದು, ಆರ್ಡರ್ ಬಂದುಬಿಟ್ಟದೆ" ಎಂದ.

"ನೀನೇನಪ್ಪ ಮಾಡ್ತಿ, ಪಾವಂ. ಕೂತ್ಕೋ" ಎಂದು ಜಾನಮ್ಮ ಬೇವಿನ ಮರದಡಿ ಚಾಪೆ ಹಾಸಿಕೊಟ್ಟಳು.

ಪ್ರಭಾರ ನರಿ ಹತ್ತರಿಂದ ಐದರವರೆಗೆ ಚಾಪೆಯ ಮೇಲೆ ಕೂತು ಕಛೇರಿಯ ಫೈಲು ನೋಡಿತು. ನಾಲ್ಕು ಗಂಟೆಗೊಮ್ಮೆ, ನಿಯಮದ ಪ್ರಕಾರ, ಎದ್ದು ನಿಂತು ಊಳಿಟ್ಟಿತು. ಆದೇಶದ ಪ್ರತಿ ನವಿಲುಗಳಿಗೆ ತಲುಪಿರಲಿಲ್ಲವಾದ್ದರಿಂದ ಅವು ಹತ್ತಿರ ಬಂದು ಅದನ್ನು ನೋಡಿಕೊಂಡು ಹೋದವು. ನರಿಗೆ ವಾರಕ್ಕೊಂದು ಕೋಳಿ ಸಲ್ಲಬೇಕಿತ್ತು. ಭೂಪತಿ ಸಸ್ಯಾಹಾರಿ. ಹಾಗಾಗಿ ಜಾನಮ್ಮನ ಕೋಳಿಗಳನ್ನು ಅವನ ಪರವಾಗಿ ನವನೀತನ್ ಅವರೇ ಸ್ವೀಕರಿಸಿ, ರುಜು ಹಾಕಿದರು.

ಒಂದು ತಿಂಗಳಾದ ಮೇಲೆ, ಶಕ್ತಿ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡಲು ಕೊಯಮತ್ತೂರಿನಿಂದ ಐದು ಜನರ ಅಳತೆ ತಂಡ ಬಂತು. ಹೊಲದಲ್ಲಿ ಅಳೆಯಲು ಏನೂ ಇರಲಿಲ್ಲ. "ಬೀಜದ ಮೂಟೆ ಇದೆಯಂತಲ್ಲ, ತನ್ನಿ" ಎಂದರು. ಅದೊಂದೇ ಇರೋದು ಸಾಮಿ ಎಂದು ಜಾನಮ್ಮ ಕೈಮುಗಿದಳು. ಅಳತೆಗಷ್ಟೇ ಅಂದರು. ಮೂಟೆ ಬಿಚ್ಚಿ ಅರ್ಧದಷ್ಟನ್ನು ಬಾಣಲೆಗೆ ಸುರಿದು, ಬೇವಿನ ಮರದಡಿ ಬೆಂಕಿ ಹಾಕಿ ಹುರಿದರು. ಬಿಸಿ ಬಿಸಿಯಾಗಿ ತಿಂದರು. ಕಾಯಿ ಕೈಗೆ ಸುಡುತ್ತಿದ್ದುದರಿಂದ ಉಷ್ಣ ನಷ್ಟ ಎಂಬುದು ನಿಜವೇ ಎಂದು ತಂಡ ಒಮ್ಮತದಿಂದ ದೃಢಪಡಿಸಿತು. ಹೊರಡುವಾಗ ಕಿರಿಯವನೊಬ್ಬ ಸಿಪ್ಪೆಯನ್ನು ಗುಡಿಸಿ ಗೊಬ್ಬರಕ್ಕಾಗುತ್ತದೆ ಎಂದು ಜಾನಮ್ಮನಿಗೇ ಕೊಟ್ಟ.

ಅವತ್ತು ಅವಳಿಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಿಕ್ಕಿದ ಬಸ್ಸು ಹತ್ತಿ, ಕಛೇರಿಗೆ ಹೋಗಿ ಮೇಜಿನ ಮುಂದೆ ನಿಂತಳು. "ಮಯಿಲು ತಿಂತು, ನರಿ ತಿಂತು, ಅಳೆಯೋಕೆ ಬಂದವರು ತಿಂದರು. ನನ್ನ ಪಾಲು ಎಲ್ಲಿ ಅಂತ ಈ ಪಟದಲ್ಲಿ ತೋರಿಸಿ ಸಾಮಿ!"

ನವನೀತನ್ ಪಟ ನೋಡಿದರು. ಭೂಪತಿಯೂ ನೋಡಿದ. ನಿಜಕ್ಕೂ ಜಾನಮ್ಮ ಎಲ್ಲೂ ಇರಲಿಲ್ಲ. ಇದು ಗಂಭೀರವಾದ ಲೋಪ ಎಂದು ಅಧಿಕಾರಿಗಳು ಒಪ್ಪಿಕೊಂಡು, ಅಲ್ಲೇ ವಿಚಾರಣೆ ಆರಂಭಿಸಿದರು.

"ನೀವು ಬಿಸಿಲು ತಿನ್ನುತ್ತೀರಾ?"

"ಬಿಸಿಲಲ್ಲಿ ನಿಲ್ಲೋದೇ ನನ್ನ ಕೆಲಸ. ತಿನ್ನೋದಿಲ್ಲ."

"ಹಾಗಾದರೆ ನೀವು ಗಿಡವಲ್ಲ. ನಿಮ್ಮ ಕಡಲೆಕಾಯಿ ನೀವು ತಿಂದಿರಾ?"

"ಎಲ್ಲಿ ಬಿಟ್ಟರು ತಿನ್ನೋಕೆ?"

"ನೀವು ಏನನ್ನೂ ತಿಂದಿಲ್ಲ ಎಂದಾಯಿತು. ಈಗ ನೆನಪು ಮಾಡಿಕೊಂಡು ಹೇಳಿ. ಈ ನವಿಲುಗಳಿಗೆ ಮೊದಲು ಕಡಲೆಕಾಯಿ ಕೊಟ್ಟವರು ಯಾರು?"

ಇಲ್ಲಿ ಜಾನಮ್ಮ ಸುಳ್ಳು ಹೇಳಬಹುದಿತ್ತು. ಆದರೆ ಅವಳ ಮನೆಯಲ್ಲಿ ಅತ್ತೆಯ ಕಾಲದಿಂದಲೂ ಒಂದು ಪದ್ಧತಿ ಇತ್ತು. ಬಿತ್ತುವ ದಿನ ನೆಲಕ್ಕೆ ಬೀಜ ಹಾಕುವ ಮೊದಲು, ಹೊಲದ ಮೂಲೆಯಲ್ಲಿ ಮೂರು ಹಿಡಿ ಬೀಜ ಹಕ್ಕಿಗಳಿಗೆಂದು ಇಡಬೇಕು. ಆ ಪದ್ಧತಿಯ ವಿಷಯದಲ್ಲಿ ಸುಳ್ಳಾಡಲು ಅವಳಿಗೆ ನಾಲಗೆ ಏಳಲಿಲ್ಲ.

"ಆಮಾ, ನಾನೇ ಕೊಟ್ಟೆ. ಮೂರು ಹಿಡಿ. ಮೊದಲು ಅವಕ್ಕೆ ಇಟ್ಟೇ ನಾವು ಬಿತ್ತಾದು."

"ಯಾರೂ ಕೇಳದೆ?"

"ಹಕ್ಕಿ ಬಂದು ಕೇಳ್ತದಾ ಸಾಮಿ?"

"ಪ್ರತಿಯಾಗಿ ಏನೂ ಪಡೆಯದೆ?"

"ಪಡೆಯೋಕೆ ಏನದೆ? ಪುಣ್ಯ ಅಷ್ಟೇ."

ನವನೀತನ್ ಕುರ್ಚಿಯಿಂದ ಎದ್ದು ನಿಂತರು. ಯಾರೂ ಕೇಳದೆ ಕೊಡುವ, ಯಾರಿಂದಲೂ ಪಡೆಯದ, ಎಲ್ಲರೂ ಯಾರನ್ನು ಆಧರಿಸಿ ತಿನ್ನುತ್ತಾರೋ ಅಂಥ ಸ್ಥಾನ ಪಟದಲ್ಲಿ ಒಂದೇ ಇತ್ತು. ಅವರು ಕೋಲನ್ನು ಮೇಲೆತ್ತಿ, ಮೂಲೆಯಲ್ಲಿದ್ದ ಹಳದಿ ವೃತ್ತದ ಮೇಲಿಟ್ಟರು. ಸಂಜೆಯೊಳಗೆ ಪ್ರಮಾಣಪತ್ರ ಸಿದ್ಧವಾಯಿತು. ಸದರಿ ಒಂದೂವರೆ ಎಕರೆಯ ಮಟ್ಟಿಗೆ ಶ್ರೀಮತಿ ಜಾನಮ್ಮ ಅವರು ಪ್ರಭಾರ ಸೂರ್ಯ.

"ಹಾಗಾದರೆ ಬಲೆ?" ಎಂದಳು ಜಾನಮ್ಮ.

"ಸೂರ್ಯನಿಗೆ ಯಾಕಮ್ಮ ಬಲೆ?" ಎಂದರು ನವನೀತನ್, ನಿಜವಾದ ಗೌರವದಿಂದ.

ಪ್ರಮಾಣಪತ್ರದ ಹಿಂದೆ ಕರ್ತವ್ಯಗಳನ್ನು ಅಚ್ಚು ಹಾಕಿದ್ದರು. ಗೋಕಿಲಾ ಅದನ್ನು ಅತ್ತೆಗೆ ಓದಿ ಹೇಳಿದಳು. ದಿನಾಲು ಆರಕ್ಕೆ ಹೊಲದ ಪೂರ್ವದಲ್ಲಿ ಹಾಜರಾಗಿ, ಸಂಜೆ ಪಶ್ಚಿಮದಿಂದ ನಿರ್ಗಮಿಸತಕ್ಕದ್ದು. ಪಕ್ಷಪಾತ ಮಾಡದೆ ಬೆಳೆಯ ಮೇಲೂ ನವಿಲಿನ ಮೇಲೂ ಸಮನಾಗಿ ನಿಲ್ಲತಕ್ಕದ್ದು. ಯಾರನ್ನೂ ಓಡಿಸತಕ್ಕದ್ದಲ್ಲ.

ಉಳಿದ ಅರ್ಧ ಮೂಟೆಯನ್ನು ಜಾನಮ್ಮ ಬಿತ್ತಿದಳು. ಮೂಲೆಯಲ್ಲಿ ಮೂರು ಹಿಡಿ ಇಟ್ಟೇ ಬಿತ್ತಿದಳು. ಮಾರನೆಯ ದಿನ ಪೂರ್ವದ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದಾಗ ಹನ್ನೊಂದು ನವಿಲು ಬಂದವು. ಈಗ ನಾಲ್ಕು ಮರಿಗಳೂ ಜೊತೆಗಿದ್ದವು. ಬರುವ ವರ್ಷದ ಬೀಜ ಒಂದೊಂದಾಗಿ ಮಣ್ಣಿನಿಂದೆದ್ದು ಕೊಕ್ಕಿಗೆ ಹೋಗುವುದನ್ನು ಅವಳು ಸಾಲಿನ ಕೊನೆಯವರೆಗೂ ನೋಡಿದಳು. ಅವಳಿಗೆ ಹೊಟ್ಟೆ ಉರಿಯಿತು. ಮರದಡಿಯಿಂದ ಗಮನಿಸುತ್ತಿದ್ದ ಭೂಪತಿ ಕಣ್ಣೊರೆಸಿಕೊಂಡು, ಇದು ಸೂರ್ಯನಿಗೆ ಸಹಜವಾದ ಲಕ್ಷಣ ಎಂದು ವರದಿಯಲ್ಲಿ ಬರೆದ.

ಊರಿನವರು ಬೇಗನೇ ಹೊಂದಿಕೊಂಡರು. ಪಕ್ಕದ ಹೊಲದ ಪಳನಿಯಮ್ಮ ಮೆಣಸಿನಕಾಯಿ ಒಣಹಾಕುವ ಮುಂಚೆ ಜಾನಮ್ಮನನ್ನು ಒಂದು ಮಾತು ಕೇಳುತ್ತಿದ್ದಳು. ಮಳೆ ಕೈಕೊಟ್ಟಾಗ ನಾಲ್ಕು ಜನ ಅವಳ ಮೇಲೆಯೇ ದೂರು ಬರೆದರು.

ಪುರಟ್ಟಾಸಿ ತಿಂಗಳಲ್ಲಿ ಜಾನಮ್ಮನಿಗೆ ಜ್ವರ ಬಂತು. ಎರಡು ದಿನ ರಜೆ ಬೇಕೆಂದು ಬರೆಸಿ ಕಳಿಸಿದಳು. ಕಛೇರಿಯಿಂದ ಅಂದೇ ಉತ್ತರ ಬಂತು: ಗ್ರಹಣಗಳು ಪಂಚಾಂಗದಲ್ಲಿ ಒಂದು ವರ್ಷ ಮುಂಚೆಯೇ ನಮೂದಾಗಿರತಕ್ಕದ್ದು, ತಮ್ಮ ಹೆಸರಿನಲ್ಲಿ ಯಾವ ಗ್ರಹಣವೂ ಕಂಡುಬಂದಿಲ್ಲ.

ಜಾನಮ್ಮ ತಲೆಗೆ ಬಟ್ಟೆ ಬಿಗಿದು ಎದ್ದಳು. ಗೋಕಿಲಾ ಬುತ್ತಿ ಕಟ್ಟಿಕೊಟ್ಟು, ನಗದೆ ಕೇಳಿದಳು:

"ಇವತ್ತು ಎಷ್ಟೊತ್ತಿಗೆ ಮುಳುಗ್ತೀರಿ ಅತ್ತೆ?"

"ಆರೂ ಹತ್ತಕ್ಕೆ" ಎಂದಳು ಜಾನಮ್ಮ. "ಅಷ್ಟೊತ್ತಿಗೆ ಸ್ವಲ್ಪ ಗಂಜಿ ಮಾಡಿಟ್ಟಿರು."