ತೊಳೆದ ಪ್ಯಾಂಟ್ ವಾಪಸಿಲ್ಲ

ಮಂಗಳೂರಿನ ಪಂಪ್‌ವೆಲ್‌ನಲ್ಲಿ ಶಾಲಾ ಯೂನಿಫಾರ್ಮಿನ ಅಂಗಡಿ ಇಟ್ಟವನಿಗೆ ಜೂನ್ ಬಂತೆಂದರೆ ನಗಲಿಕ್ಕೆ ಬೇರೆ ಖರ್ಚು ಬೇಡ. ಗಿರಾಕಿಗಳೇ ನಗು ತಂದು ಕೊಡ್ತಾರೆ. ಈ ವರ್ಷದ್ದು ಮಾತ್ರ ಹೆಚ್ಚುಕಡಿಮೆ ಒಂದೇ ಮನೆಯಿಂದ ಬಂತು.

ಎಡ ಬಲ

ನಮ್ಮಲ್ಲಿ ಎಡಗಡೆ ಗಂಡುಮಕ್ಕಳ ಕೌಂಟರ್, ಬಲಗಡೆ ಹೆಣ್ಣುಮಕ್ಕಳದ್ದು. ಪಡೀಲಿನಿಂದ ಒಬ್ಬರು ಅಜ್ಜಿ, ಒಂಬತ್ತನೇ ಕ್ಲಾಸಿನ ಮೊಮ್ಮಗುವಿನ ಜೊತೆ ಬಂದರು. ಹಿಂದಿನ ದಿನ ಅಪ್ಪ ಕೊಂಡುಹೋಗಿದ್ದ ಸ್ಕರ್ಟನ್ನು ಬಲಗಡೆ ಇಟ್ಟು, ಎಡಗಡೆಗೆ ಬೆರಳು ತೋರಿಸಿ, "ಇದರ ಬದಲಿಗೆ ಪ್ಯಾಂಟ್ ಕೊಡಿ" ಎಂದರು.

"ಅಣ್ಣನಿಗಾ?" ಕೇಳಿದೆ ನಾನು.

"ನನಗೇ," ಎಂದಿತು ಮಗು. "ಹುಟ್ಟುವಾಗ ಹುಡುಗಿ ಅಂತ ಬರೆಸಿದ್ದಾರೆ. ನಾನು ಹುಡುಗ. ಹೆಡ್ ಮಿಸ್ ಹತ್ರ ಹೇಳಿ ಆಗಿದೆ. ಅಪ್ಪ ಒಪ್ಪಿದರೆ ಪ್ಯಾಂಟಲ್ಲೇ ಬಾ ಅಂದಿದ್ದಾರೆ."

ಮೂವತ್ತು ವರ್ಷ ಗಲ್ಲಾದಲ್ಲಿ ಕೂತವ ನಾನು. ತನಗೆ ಎಂತ ಬೇಕೆಂದು ಇಷ್ಟು ಸ್ಪಷ್ಟವಾಗಿ ಹೇಳಿದ ಗಿರಾಕಿ ಇದೇ ಮೊದಲು. ಉಳಿದವರು ಒಂದು ಜೊತೆ ಸಾಕ್ಸಿಗೆ ಮನೆಮಂದಿಯನ್ನೆಲ್ಲ ಕರ್ಕೊಂಡು ಬಂದು ಚರ್ಚೆ ಮಾಡ್ತಾರೆ.

"ಅಪ್ಪ ಒಪ್ಪಿದ್ದಾರಾ?" ಕೇಳಿದೆ.

ಅಜ್ಜಿ ನನ್ನ ತಲೆಯ ಮೇಲಿನ ಬೋರ್ಡು ಓದುತ್ತಿದ್ದರು: ತೊಳೆದ ಬಟ್ಟೆ ವಾಪಸ್ ಇಲ್ಲ.

"ಒಪ್ತಾನೆ," ಎಂದರು.

ಒದ್ದೆ

ಮರುದಿನ ಅಪ್ಪನ ಸವಾರಿ. ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದವನು. ಪ್ಯಾಂಟನ್ನು ಕೌಂಟರಿಗೆ ಬಡಿದ. "ಎಂತ ಹಾಜಿಯವರೆ, ನನ್ನ ಮಗಳಿಗೆ ಪ್ಯಾಂಟ್ ಕೊಡುದಾ? ನಂಗೆ ಸ್ಕರ್ಟೇ ಕೊಡಿ!"

ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾರು ತೊಳೆದದ್ದು?"

"ನನ್ನ ಅಮ್ಮ. ಬೆಳಿಗ್ಗೆ ಏಳುವಾಗ ಬಕೆಟಲ್ಲಿ ಉಂಟು."

ನಾನು ಬೋರ್ಡು ತೋರಿಸಿದೆ. "ನನ್ನ ಭಾವ ಬಂದರೂ ಇದೇ ನಿಯಮ. ಸ್ಕರ್ಟ್ ಬೇಕಾದರೆ ಹೊಸತು ಕೊಳ್ಳಿ."

"ಒಂದು ಯೂನಿಫಾರ್ಮಿಗೆ ಎರಡು ಸಲ ದುಡ್ಡಾ ಮಾರಾಯ್ರೆ?"

ನಮ್ಮ ಮಂಗಳೂರಿನವ ಬೇಕಾದರೆ ಹಟ ಬಿಟ್ಟಾನು, ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಬಿಡ. ಆಮೇಲೆ ಮೆಲ್ಲ ಕೇಳಿದ, "ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡಿದರೆ?"

"ಮಾಡ್ಬಹುದು. ಆದರೆ ಸ್ಕರ್ಟ್ ಕೊಟ್ಟರೆ ಅವ ಶಾಲೆಗೇ ಹೋಗ್ಲಿಕ್ಕಿಲ್ಲ ಅಂತ ನನಗೆ ಕಾಣ್ತದೆ."

ಪ್ಯಾಂಟ್ ಹಿಂಡಿಕೊಂಡು ಹೊರಟ. ಹಿಂಡಿದ್ದು ನನ್ನ ಕೌಂಟರಿನ ಮೇಲೆಯೇ.

ಕಿಸೆ

ಶಾಲೆ ಸುರುವಾದ ಮೇಲೆ ಆ ಹುಡುಗನ ಕ್ಲಾಸಿನ ಹುಡುಗಿಯರ ದಂಡೊಂದು ಬಂತು. "ನಮಗೂ ಪ್ಯಾಂಟ್ ಬೇಕು."

ಈಗ ನಾನೂ ಸ್ವಲ್ಪ ಕಲಿತಿದ್ದೆ. ಜಾಗ್ರತೆಯಿಂದ ಕೇಳಿದೆ, "ನೀವೂ ಹುಡುಗರಾ ಮಕ್ಕಳೇ?"

"ಇಲ್ಲ ಅಂಕಲ್, ಹುಡುಗಿಯರೇ. ಅವನ ಪ್ಯಾಂಟಿಗೆ ಕಿಸೆ ಉಂಟಲ್ಲ!"

"ಅವನನ್ನು ಯಾರಾದ್ರೂ ತಮಾಷೆ ಮಾಡ್ತಾರಾ?"

"ಸುರುವಿಗೆ ಒಬ್ಬ ಮಾಡ್ತಿದ್ದ. ಈಗ ಇಬ್ಬರೂ ಒಂದೇ ಬೆಂಚು. ಹೋಮ್‌ವರ್ಕ್ ಮಾಡದ್ದಕ್ಕೆ ಇಬ್ಬರಿಗೂ ಸಮ ಸಮ ಬೈಗುಳ."

ನಳ್ಳಿ

ಮಳೆ ಜೋರು ಹಿಡಿದಾಗ ಅಜ್ಜಿ ಪುನಃ ಬಂದರು, ಈ ಸಲ ಮಗನೊಟ್ಟಿಗೆ. ಇರುವ ಒಂದು ಪ್ಯಾಂಟ್ ಒಣಗುವುದಿಲ್ಲ, ಇನ್ನೊಂದು ಬೇಕಂತೆ.

ಅಳತೆ ಹೇಳಿದ್ದು ಅಪ್ಪನೇ. "ಸ್ವಲ್ಪ ಉದ್ದದ್ದೇ ಕೊಡಿ ಹಾಜಿಯವರೆ. ಬೆಳೆಯುವ ಹುಡುಗ."

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ನನ್ನ ಮುಖ ನೋಡಿದರು. ಅಷ್ಟರಲ್ಲಿ ಅವ ಅಭ್ಯಾಸಬಲದಿಂದ ಬಾಯಿಬಿಟ್ಟ: "ಹೆಚ್ಚುಕಮ್ಮಿ ಆದರೆ ವಾಪಸ್ ತಗೊಳ್ತೀರಲ್ಲ?"

ಅಜ್ಜಿ ಪ್ಯಾಂಟನ್ನು ಅವನ ಕೈಯಿಂದ ಕಸಿದುಕೊಂಡು ನನ್ನ ಕಡೆ ತಿರುಗಿದರು.

"ಹಾಜಿಯವರೆ, ನಿಮ್ಮಲ್ಲಿ ನೀರಿನ ನಳ್ಳಿ ಎಲ್ಲಿ ಉಂಟು?"