ಹುಲಿಕೆರೆಯ ಇಪ್ಪತ್ತೈದು ಸೆಕೆಂಡು

ಆ ದಿನ ಲಕ್ಷ್ಮೀಶ ಮಾಡಿದ ತಪ್ಪು ಒಂದೇ. ಯಾರೋ ಕೇಳಿದರು, ನಿಜ ಹೇಳಿಬಿಟ್ಟ.

ಬೆಳಿಗ್ಗೆ ಆರೂವರೆ. ಹುಲಿಕೆರೆಯ ಕಲ್ಲುಕೊಳದ ದಂಡೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಮೇಲೆ ಕ್ಯಾಮೆರಾ ಕೂರಿಸಿ, ಕಾಲುಗಳು ಅಲುಗದಂತೆ ಮರಳಿನ ಚೀಲ ಒತ್ತಿಡುತ್ತಿದ್ದ. ಡೇರಿಗೆ ಹಾಲು ಒಯ್ಯುತ್ತಿದ್ದ ಮುದುಕಿ ವೆಂಕಟಲಕ್ಷ್ಮಮ್ಮ ಕ್ಯಾನು ಕೆಳಗಿಟ್ಟು ನಿಂತರು.

“ಏನ್ ಕೆಲ್ಸ ಮಾಡ್ತೀಯಪ್ಪ?”

“ಅನಿಮೇಷನ್ ಮಾಡ್ತೀನಮ್ಮ.”

ಮುದುಕಿ ತಲೆಯಾಡಿಸಿ ಹೊರಟರು. ಆದರೆ ದಾರಿಯಲ್ಲಿ ಹಾಲಿನ ಜೊತೆ ಆ ಪದವೂ ಸ್ವಲ್ಪ ತುಳುಕಿತು. ಡೇರಿ ಕಾರ್ಯದರ್ಶಿ ರವಿಕುಮಾರನ ಕಿವಿಗೆ ಬೀಳುವಾಗ ಅದರಲ್ಲಿ ‘ಅನಿಮಲ್’ ಅಷ್ಟೇ ಉಳಿದಿತ್ತು. ಏಳೂವರೆಗೆ ಕೊಳದ ದಂಡೆಯ ಮೇಲೆ ಮೂರು ಹಸು, ಒಂದು ಎಮ್ಮೆ, ರೇಷನ್ ಅಂಗಡಿಯ ಮುಂದೆ ನಿಂತಂತೆ ಸಾಲಾಗಿ ನಿಂತಿದ್ದವು.

“ಸಾರ್, ಈ ಹಸೀಗೆ ಎರಡು ಸಲ ಸೂಜಿ ಹಾಕ್ಸಿದ್ರೂ ಗಬ್ಬ ನಿಂತಿಲ್ಲ. ಒಸಿ ನೋಡಿ,” ಎಂದ ರವಿಕುಮಾರ.

“ನಾನು ದನದ ಡಾಕ್ಟ್ರಲ್ಲ ಕಣ್ರೀ. ನಾನು ಚಿತ್ರಗಳನ್ನ ಓಡಿಸೋನು.”

“ಎಲ್ಲಿಗೆ?”

ಲಕ್ಷ್ಮೀಶ ತಿರುಗಿ ಕ್ಯಾಮೆರಾದ ಗುಂಡಿ ಒತ್ತಿದ. ಹತ್ತೊಂಬತ್ತು ವರ್ಷದಿಂದ ಅರಸೀಕೆರೆಯ ಒಂದು ಸಣ್ಣ ಕೋಣೆಯಲ್ಲಿ ಅವನು ಒಬ್ಬನೇ ಸಿನಿಮಾ ಮಾಡುತ್ತಿದ್ದ. ಮೊದಲನೆಯದನ್ನು ಗಾಜಿನ ಮೇಲೆ ರಾಗಿಹಿಟ್ಟು ಉದುರಿಸಿ, ಬೆರಳಿನಿಂದ ಸರಿಸಿ ಸರಿಸಿ, ಒಂದೊಂದೇ ಫೋಟೋ ತೆಗೆದು ಮಾಡಿದ್ದ. ಹಿಟ್ಟು ಹಕ್ಕಿಯಾಗಿ ಎದ್ದು ಹಾರುವುದನ್ನು ನೋಡಿದವರು ಉಸಿರು ಬಿಗಿಹಿಡಿಯುತ್ತಿದ್ದರು. ಇನ್ನೊಂದನ್ನು ತಂದೆ ಕರಿಯಯ್ಯನವರ ಮಂಡಿಯ ಎಕ್ಸ್‌ರೇ ಹಾಳೆಗಳ ಮೇಲೆ ಸೂಜಿಯಿಂದ ಕೆತ್ತಿದ್ದ. ಯಾವುದೋ ದೇಶದಲ್ಲಿ ಅದನ್ನು ನೋಡಿದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಕರಿಯಯ್ಯ ಮಾತ್ರ ಕೊನೆಯವರೆಗೂ ನೋಡಿ, “ನನ್ನ ಮಂಡಿ ಎಲ್ಲಿ ಬಂತು?” ಎಂದು ಕೇಳಿದ್ದರು. ಇಂಥ ಏಳು ಸಿನಿಮಾ, ಒಟ್ಟು ಇಪ್ಪತ್ತೆಂಟು ನಿಮಿಷ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಡತಿ ಹೇಮಾಶ್ರೀ ಒಮ್ಮೆ ಭಾಗಿಸಿ ನೋಡಿ, “ವರ್ಷಕ್ಕೆ ಒಂದೂವರೆ ನಿಮಿಷ. ಉಗುರು ಇದಕ್ಕಿಂತ ಬೇಗ ಬೆಳೆಯುತ್ತೆ ಕಣ್ರೀ,” ಎಂದು ಬೆರಗಿನಿಂದಲೇ ಹೇಳಿದ್ದಳು.

ಎಂಟನೆಯದು ಈ ಕೊಳದ್ದು. ಎರಡು ನಿಮಿಷಕ್ಕೊಂದು ಚಿತ್ರದಂತೆ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಮುನ್ನೂರು ಚಿತ್ರ. ಓಡಿಸಿದರೆ ಇಪ್ಪತ್ತೈದು ಸೆಕೆಂಡು. ಇವತ್ತು ಈ ದಂಡೆಯಿಂದ, ನಾಳೆ ಎದುರು ದಂಡೆಯಿಂದ. ಮೆಟ್ಟಿಲುಗಳ ನಡುವೆ ಸುತ್ತಲೂ ಕೂತಿರುವ ಪುಟ್ಟ ಕಲ್ಲುಗುಡಿಗಳಲ್ಲಿ ಕೆಳಸಾಲಿನವುಗಳ ಒಳಗೋಡೆಯನ್ನು ಬಿಸಿಲು ಮುಟ್ಟುವುದು ವರ್ಷದಲ್ಲಿ ಕೆಲವೇ ದಿನ. ಎರಡು ದಿನದ ಅನುಮತಿ ಪತ್ರಕ್ಕಾಗಿ ಅವನು ಹದಿನಾಲ್ಕು ತಿಂಗಳು ಓಡಾಡಿದ್ದ.

ಹಸುಗಳು ಹಿಂದಕ್ಕೆ ಹೋದವು. ಅನುಮಾನ ಮಾತ್ರ ಅಲ್ಲೇ ಉಳಿಯಿತು. ದನ ನೋಡದವನು ಡಾಕ್ಟ್ರಲ್ಲ. ಮೂರು ಕಾಲಿನ ಸ್ಟ್ಯಾಂಡ್ ಇಟ್ಟವನು ಸರ್ವೆಯವನೇ ಇರಬೇಕು. ಹತ್ತು ಗಂಟೆಗೆ ಕೊಳದ ಪಕ್ಕದ ತೆಂಗಿನ ತೋಟದ ದೇವೀರಪ್ಪ ಟವೆಲ್ ಕೊಡವುತ್ತ ಬಂದರು. ಹಿಂದೆ ಅರ್ಧ ಊರು.

“ಯಾವ ಇಲಾಖೆ ಸ್ವಾಮಿ? ನಮ್ ತೋಟನೂ ಕೊಳಕ್ಕೆ ಸೇರಿಸಿ ಬೇಲಿ ಹಾಕ್ತೀರಂತೆ?”

ಲಕ್ಷ್ಮೀಶ ಪ್ಲಾಸ್ಟಿಕ್ ಕವರಿನಿಂದ ಪತ್ರ ತೆಗೆದು ಕೊಟ್ಟ. ದೇವೀರಪ್ಪ ಕನ್ನಡಕ ಏರಿಸಿ ಓದಿ, ಒಂದು ಕಡೆ ಬೆರಳಿಟ್ಟು ನಿಂತರು.

“ಸದರಿ ಸ್ಥಳ ಅಂತ ಬರ್ದೈತೆ. ನನ್ ತೋಟದ ಪಹಣೀಲೂ ಸದರಿ ಅಂತಾನೇ ಐತೆ. ಇನ್ನೇನ್ ಬೇಕು?”

ಜನರಲ್ಲಿ ಗುಜುಗುಜು ಎದ್ದಿತು. ಸದರಿಗೆ ಸದರಿ ತಾಳೆಯಾಗಿತ್ತು.

“ಅಳತೆ ಹೆಂಗ್ ಮಾಡ್ತಾನೋ ನೋಡೇಬಿಡಾನ. ಎಲ್ಲಾ ಇಳೀರಿ, ಕೂತ್ಕಳಿ,” ಎಂದರು ದೇವೀರಪ್ಪ.

ಐವತ್ತು ಜನ ಮೆಟ್ಟಿಲಿಳಿದು, ಸರಿಯಾಗಿ ಕ್ಯಾಮೆರಾದ ಎದುರಿಗೇ ಧರಣಿ ಕೂತರು. ನಟ್ಟನಡುವಿನ ಮೆಟ್ಟಿಲ ಮೇಲೆ ವೆಂಕಟಲಕ್ಷ್ಮಮ್ಮ, ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತರು.

“ದಯವಿಟ್ಟು ಪಕ್ಕಕ್ಕೆ ಬನ್ನಿ,” ಎಂದು ಲಕ್ಷ್ಮೀಶ ಅಂಗಲಾಚಿದ. ಅವನು ಕೈಮುಗಿದಷ್ಟೂ ಜನ ಗಟ್ಟಿಯಾಗಿ ಕೂತರು. ಅಷ್ಟರಲ್ಲಿ ಎರಡು ನಿಮಿಷವಾಯಿತು. ಒಂದು ಚಿತ್ರ ತಪ್ಪಿದರೆ ನೆರಳು ಕುಂಟುತ್ತದೆ, ಇಡೀ ದಿನ ಹಾಳು. ಬೇರೆ ದಾರಿ ಕಾಣದೆ ಗುಂಡಿ ಒತ್ತಿದ. ಮತ್ತೆ ಎರಡು ನಿಮಿಷಕ್ಕೆ ಒತ್ತಿದ. ಮಧ್ಯಾಹ್ನ ಜನ ಊಟಕ್ಕೆ ಹೋದರು, ಬಂದರು, ಎಲೆಯಡಿಕೆ ಹಾಕಿದರು, ಆಕಳಿಸಿದರು. ರವಿಕುಮಾರ ಜಾಗ ಬದಲಿಸುತ್ತಲೇ ಇದ್ದ. ವೆಂಕಟಲಕ್ಷ್ಮಮ್ಮ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಮೊಮ್ಮಗಳು ಮುದ್ದೆಯನ್ನು ಅಲ್ಲಿಗೇ ತಂದುಕೊಟ್ಟಳು. ಲಕ್ಷ್ಮೀಶ ಒಂದು ಬಿಸ್ಕತ್ತಿನ ಪೊಟ್ಟಣದಲ್ಲಿ ದಿನ ಕಳೆದ.

ಐದಕ್ಕೆ ಕೊನೆಯ ಚಿತ್ರ. ಎಲ್ಲ ಕೆಟ್ಟಿತೆಂದು ಅವನಿಗೆ ಖಾತ್ರಿಯಾಗಿತ್ತು. ಆದರೂ ಊರವರ ಅನುಮಾನವಾದರೂ ಹೋಗಲಿ ಎಂದು ಲ್ಯಾಪ್‌ಟಾಪ್ ತೆರೆದು ಜನರ ಕಡೆ ತಿರುಗಿಸಿದ.

“ಬನ್ನಿ, ನಿಮ್ಮ ತೋಟ ಎಲ್ಲಾದ್ರೂ ಇದೆಯಾ ನೋಡಿ.”

ದೇವೀರಪ್ಪ ಬಗ್ಗಿದರು. ಅವರ ಹೆಗಲ ಮೇಲಿಂದ ಹತ್ತು ತಲೆ ಬಗ್ಗಿದವು.

ಕೊಳ ಕತ್ತಲಲ್ಲಿತ್ತು. ಮೇಲಿನ ಮೆಟ್ಟಿಲಿಗೆ ಬೆಳಕು ಬಂತು, ಮೆಲ್ಲನೆ ಒಂದೊಂದೇ ಮೆಟ್ಟಿಲು ಇಳಿಯಿತು. ಯಾರೋ ದೀಪ ಹಚ್ಚುತ್ತ ಹೋದಂತೆ ಒಂದೊಂದು ಗುಡಿ ಬೆಳಗಿ, ಕೆಳಸಾಲಿನ ಒಳಗೋಡೆಯೂ ಬಂಗಾರವಾಯಿತು. ಜನ ಬಂದರು. ಐವತ್ತು ಜನರೂ ಗಾಳಿಗೆ ಸಿಕ್ಕ ರಾಗಿತೆನೆಗಳಂತೆ ನಡುಗಿದರು, ಕರಗಿದರು, ಮತ್ತೆ ಮೂಡಿದರು. ನಡುವೆ ಒಂದು ಮುದುಕಿ ಮಾತ್ರ ಅಲುಗಲಿಲ್ಲ. ಬೆಳಕು ಅವರ ಒಂದು ಕೆನ್ನೆಗೆ ಬಂತು, ಹಣೆಗೆ ಏರಿತು, ಇನ್ನೊಂದು ಕೆನ್ನೆಯಿಂದ ಇಳಿದು ಹೋಯಿತು. ಆಮೇಲೆ ಹಿಂದಿನಿಂದ ನೆರಳು ಬಂದು, ಮಗುವಿಗೆ ಹೊದಿಸುವಷ್ಟು ಮೆತ್ತಗೆ ಎಲ್ಲವನ್ನೂ ಹೊದಿಸಿತು.

ಇಂಥದ್ದೊಂದು ತನ್ನಿಂದ ಆಗಬಲ್ಲದೆಂದು ಹತ್ತೊಂಬತ್ತು ವರ್ಷದಲ್ಲಿ ಲಕ್ಷ್ಮೀಶನಿಗೆ ಅನಿಸಿರಲಿಲ್ಲ. ಖಾಲಿ ಕೊಳ ಇದರ ಮುಂದೆ ಏನೂ ಅಲ್ಲ.

“ಇನ್ನೊಂದು ಸಲ ಬಿಡಪ್ಪ,” ಎಂದರು ವೆಂಕಟಲಕ್ಷ್ಮಮ್ಮ. ಏಳು ಸಲ ನೋಡಿದ ಮೇಲೆ ಮೆಲ್ಲಗೆ ಅಂದರು: “ಮದ್ವೆ ಆಗಿ ಬಂದಾಗಿಂದ ಈ ಮೆಟ್ಲು ತುಳ್ದಿದೀನಿ. ನೆಳ್ಳು ನಡಿಯಾದ್ನ ಇವತ್ತೇ ಕಂಡಿದ್ದು.”

“ಹಂಗಾರೆ ನೀವು ತೆಗೀತಿದ್ದಿದ್ದು ತೋಟ ಅಲ್ಲ,” ಎಂದರು ದೇವೀರಪ್ಪ. ಅವರ ಕಣ್ಣು ಒದ್ದೆಯಾಗಿತ್ತು.

“ಇಲ್ಲ ದೇವೀರಪ್ಪನೋರೇ. ನಾನು ತೆಗೀತಿರೋದು ನೆರಳು. ನನಗೆ ಬೇಕಾಗಿರೋದು ಅದೊಂದೇ.”

“ನಾಳೆನೂ ಬತ್ತೀರಾ?”

“ನಾಳೆ ಎದುರು ದಂಡೆಯಿಂದ ಇನ್ನರ್ಧ ತೆಗೀಬೇಕು. ನೀವೆಲ್ಲ ಹಿಂಗೇ ಬಂದು ಕೂತ್ಕೊಂಡ್ರೆ ಸಾಕು.”

“ನೀವು ಚಿಂತೆ ಬಿಡಿ ಸಾ,” ಎಂದು ದೇವೀರಪ್ಪ ಅವನ ಎರಡೂ ಕೈ ಹಿಡಿದುಕೊಂಡರು. ಹಳೇಬೀಡಿನ ಲಾಡ್ಜಿಗೆ ಹೋದ ಲಕ್ಷ್ಮೀಶ ಹೇಮಾಶ್ರೀಗೆ ಫೋನ್ ಮಾಡಿ ಸುಮ್ಮನೆ ನಕ್ಕ.

ಮರುದಿನ ಬೆಳಿಗ್ಗೆ ಆರೂವರೆಗೆ ಕೊಳದ ದಂಡೆಗೆ ಬಂದವನು ಬ್ಯಾಗು ಹೊತ್ತುಕೊಂಡೇ ನಿಂತುಬಿಟ್ಟ.

ದೇವೀರಪ್ಪನವರ ತೆಂಗಿನ ಮರಗಳಿಂದ ಎದುರು ದಂಡೆಯ ಹೊಂಗೆ ಮರಗಳವರೆಗೆ, ಕೊಳದ ಈ ಅಂಚಿನಿಂದ ಆ ಅಂಚಿಗೆ, ಕೆಂಪು ನೀಲಿ ಪಟ್ಟೆಯ ಶಾಮಿಯಾನ ಬಿಗಿದಿತ್ತು. ಕೆಳಗೆ ಇಡೀ ಊರು ಮದುವೆ ಬಟ್ಟೆ ಉಟ್ಟು ಮೆಟ್ಟಿಲು ತುಂಬಿತ್ತು. ಎಲ್ಲರೂ ಕದಲದೆ ಕೂತಿದ್ದರು. ನಡುವೆ ರೇಷ್ಮೆ ಸೀರೆಯಲ್ಲಿ ವೆಂಕಟಲಕ್ಷ್ಮಮ್ಮ.

“ಇದೇನ್ರೀ ಇದು?” ಎಂದ ಲಕ್ಷ್ಮೀಶ.

“ನೆಳ್ಳು ಸಾ,” ಎಂದರು ದೇವೀರಪ್ಪ, ಹೊಸ ಟವೆಲ್ ಸರಿಪಡಿಸಿಕೊಳ್ಳುತ್ತ. “ನಿನ್ನೆ ಪಾಪ, ಒಂದ್ ಚೂರು ನೆಳ್ಳಿಗೋಸ್ಕರ ದಿನವೆಲ್ಲ ಕಾದ್ರಿ. ನೋಡಕಾಗ್ಲಿಲ್ಲ. ಅದ್ಕೇ ಹಗರೆ ಊರಿನ ಶಾಮಿಯಾನದೋರಿಂದ ತರಿಸ್ದೆ.”

“ಬಿಚ್ಚಿಸ್ಬೇಕಲ್ಲ. ಈಗ್ಲೇ ಬಿಚ್ಚಿಸ್ಬೇಕಲ್ಲ.”

“ಬಿಚ್ಚಾದ್ಯಾಕೆ? ಕಟ್ಟಿದೋರು ಏಣೀನೂ ಎತ್ಕೊಂಡು ಕಣಕಟ್ಟೆ ಊರಿನ ಮದ್ವೆಗೆ ಹೋದ್ರು. ಕತ್ಲಾಗಗಂಟ ಇದು ಹಿಂಗೇ ಇರ್ತೈತೆ. ನೀವು ಅವಸರ ಇಲ್ದಂಗೆ ತೆಗೀರಿ.”

ಮೇಲೆ ಸೂರ್ಯ ಏರಿದ. ಬಟ್ಟೆ ಒಮ್ಮೆ ಕೆಂಪಗೆ ಮಿನುಗಿ ಸುಮ್ಮನಾಯಿತು. ಕೆಳಗೆ ಇಪ್ಪತ್ತು ಮೆಟ್ಟಿಲು, ನೂರು ಮುಖ, ಎಲ್ಲದರ ಮೇಲೂ ಒಂದೇ ಸಮನಾದ ನೆರಳು ಅಲುಗದೆ ಬಿದ್ದಿತ್ತು.

ರವಿಕುಮಾರ ಹತ್ತಿರ ಬಂದು ಗುಟ್ಟಿನ ದನಿಯಲ್ಲಿ ಧೈರ್ಯ ಹೇಳಿದ: “ಒಂದು ತೂತೂ ಇಲ್ಲ ಸಾರ್. ನಾನೇ ನಿಂತು ನೋಡಿ ಹೊಲಿಸಿದೀನಿ.”